ಆಕ್ರಿಂಗ್ಟನ್ ಸ್ಟ್ಯಾನ್ಲಿ: ಸೀಸನ್ ಟಿಕೆಟ್ಟೋ, ಬಿಡಿ ಟಿಕೆಟ್ಟೋ?

ಇಂಗ್ಲೆಂಡಿನ ಲ್ಯಾಂಕಾಷೈರ್‌ನ ಈ ಸಣ್ಣ ಫುಟ್‌ಬಾಲ್ ಕ್ಲಬ್ಬಿಗೆ ಯಾವ ಟಿಕೆಟ್ ಕೊಳ್ಳಬೇಕೆಂದು ಕೇಳುವವರು ಮೊದಲು ತಮ್ಮ ಮಂಗಳವಾರದ ಸಂಜೆಗಳನ್ನು ಲೆಕ್ಕ ಹಾಕಬೇಕು. ಕ್ಲಬ್ ಆಡುವ ಲೀಗ್ ಟುವಿನಲ್ಲಿ, ಅಂದರೆ ಇಂಗ್ಲಿಷ್ ಫುಟ್‌ಬಾಲಿನ ನಾಲ್ಕನೇ ದರ್ಜೆಯಲ್ಲಿ, 24 ತಂಡಗಳಿರುವುದರಿಂದ ತವರಿನ ಪಂದ್ಯಗಳು 23. ಅವುಗಳಲ್ಲಿ ಕೆಲವು ವಾರದ ನಡುವೆ, ಹೆಚ್ಚಾಗಿ ಮಂಗಳವಾರ ಸಂಜೆ, ಇರುತ್ತವೆ, ಮಳೆಯಿಂದ ಮುಂದೂಡಿದವೂ ಹೆಚ್ಚಾಗಿ ಅಲ್ಲಿಗೇ ಬಂದು ಸೇರುತ್ತವೆ.

ಬಹುಪಾಲು ಪಂದ್ಯಗಳಿಗೆ ಬರಬಲ್ಲವರಿಗೆ ಸೀಸನ್ ಟಿಕೆಟ್ ಅಗ್ಗವಾಗುತ್ತದೆ. ಪಾಳಿಯಲ್ಲಿ ದುಡಿಯುವವರಿಗೂ ದೂರದೂರಿನವರಿಗೂ ಬಿಡಿ ಟಿಕೆಟ್ಟೇ ಸರಿ, ಏಕೆಂದರೆ ಸುಮಾರು 5,000 ಮಂದಿ ಹಿಡಿಸುವ ಈ ಮೈದಾನದಲ್ಲಿ ಜಾಗ ಸಿಗದಿರುವುದು ಅಪರೂಪ. ಲೀಗ್‌ನ ಹೊರಗಿನ ಕಪ್ ಪಂದ್ಯಗಳಿಗೆ ಸಾಮಾನ್ಯವಾಗಿ ಇಬ್ಬರೂ ಬೇರೆ ಹಣ ಕೊಡಬೇಕು.

ಕ್ಲಬ್ಬಿನ ಉಳಿವಿನ ಚಿಂತೆ ಇರುವವರಿಗೆ ಸೀಸನ್ ಟಿಕೆಟ್ಟನ್ನೇ ಹೇಳುತ್ತೇನೆ: ಪಂದ್ಯಗಳಿಲ್ಲದ ಬೇಸಿಗೆಯಲ್ಲಿ ಆಟಗಾರರ ಸಂಬಳಕ್ಕೆ ಒದಗುವುದು ಆ ಮುಂಗಡ ಹಣ. ಆದರೆ ಕೊಂಡವರು ಮನೆಯಲ್ಲೇ ಉಳಿದರೆ ಪಂದ್ಯದ ದಿನದ ತಿಂಡಿ, ಪಾನೀಯಗಳ ಆದಾಯ ತಪ್ಪುತ್ತದೆ.