‘ಓಪನ್’ ಅಂತ ತಂದ ನಾಸ್ ಪೆಟ್ಟಿಗೆಗಿಂತ ಅಟ್ಟದ ಮೇಲಿನ ಡೆಸ್ಕ್‌ಟಾಪೇ ವಾಸಿ

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಹಳೇ ಡೆಸ್ಕ್‌ಟಾಪ್‌ಗೆ. ಅದಕ್ಕೆ ಡೆಬಿಯನ್ ಅನ್ನೋ ಲಿನಕ್ಸ್ ಹಾಕಿ, ಮೇಲೆ ಫೈಲ್ ಹಂಚುವ ಸಾಫ್ಟ್‌ವೇರ್ ಓಪನ್‌ಮೀಡಿಯಾವಾಲ್ಟ್ ಕೂರಿಸಿದ್ದೇನೆ. ದುಡ್ಡು ಕೊಟ್ಟು ತಂದಿದ್ದ ಕಂಪನಿ ನಾಸ್ ಪೆಟ್ಟಿಗೆ (ಮನೆಯವರ ಫೈಲ್‌ಗಳನ್ನೆಲ್ಲ ಒಂದೆಡೆ ಇಟ್ಟು ನೆಟ್‌ವರ್ಕ್‌ನಲ್ಲಿ ಹಂಚುವ ಡಬ್ಬ) ಮೂರು ವರ್ಷ ದುಡಿದು ಈಗ ಮೂಲೆಗೆ ಸರಿದಿದೆ. ಹಾಗಂತ ಅದು ಕೆಟ್ಟ ಪೆಟ್ಟಿಗೆಯೇನಲ್ಲ. ನಿಮ್ಮ ಅಭ್ಯಾಸ ನನ್ನಂಥದ್ದಲ್ಲದಿದ್ದರೆ ನಿಮಗೆ ಅದೇ ಸರಿಹೋಗಬಹುದು. ಎಷ್ಟು ಡಿಸ್ಕ್ ಹಿಡಿಯುತ್ತದೆ, ಪ್ರೊಸೆಸರ್ ಯಾವುದು ಅನ್ನೋದೆಲ್ಲ ಡಬ್ಬದ ಮೇಲೇ ಇರುತ್ತದೆ, ಅದನ್ನು ಬಿಡೋಣ.

ಕೊಳ್ಳುವಾಗ ನನ್ನನ್ನು ಸೆಳೆದಿದ್ದು ‘ಓಪನ್’ ಅನ್ನೋ ಮಾತು. ಒಳಗೆ ಲಿನಕ್ಸಿನ ತಿರುಳಾದ ಕರ್ನಲ್, ಫೈಲ್ ಹಂಚಿಕೆಗೆ ಸಾಂಬಾ, ಬೇಕಾದರೆ ದೂರದಿಂದಲೇ ಒಳಹೊಕ್ಕು ಕಮಾಂಡ್ ಕೊಡೋಕೆ ಎಸ್‌ಎಸ್‌ಎಚ್ ಕೂಡ ಇದೆ. ಸೆಟ್ಟಿಂಗ್ಸ್‌ನ ಯಾವುದೋ ಮೂಲೆಯಲ್ಲಿ ಜಿಪಿಎಲ್ (ಕೋಡ್ ಕೇಳಿದರೆ ಕೊಡಬೇಕು ಅನ್ನೋ ಲೈಸೆನ್ಸ್) ನೋಟಿಸೂ ಇದೆ. ಇನ್ನೇನು ಬೇಕು ಅಂದುಕೊಂಡೆ. ಈ ಪದಕ್ಕೆ ಎರಡು ಅರ್ಥ ಇದೆ ಅನ್ನೋದು ತಲೆಗೇ ಬರಲಿಲ್ಲ. 1980ರ ದಶಕದಲ್ಲಿ ಯೂನಿಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಂ ಮಾರುವ ಕಂಪನಿಗಳು ‘ಓಪನ್ ಸಿಸ್ಟಮ್ಸ್’ ಅಂದಾಗ ಅದು ಹೊರಗಿನ ಜೋಡಣೆಯ ಮಾತಾಗಿತ್ತು. 1984ರಲ್ಲಿ ಯುರೋಪಿನ ಕೆಲವು ಕಂಪ್ಯೂಟರ್ ಕಂಪನಿಗಳು ಸೇರಿ ಅದಕ್ಕಾಗಿ ಎಕ್ಸ್/ಓಪನ್ ಅನ್ನೋ ಕೂಟ ಕಟ್ಟಿದವು. 1988ರಲ್ಲಿ ಪೋಸಿಕ್ಸ್ ಮಾನದಂಡ ಬಂತು. ಒಬ್ಬರ ಯಂತ್ರಕ್ಕೆ ಬರೆದ ಪ್ರೋಗ್ರಾಂ ಹೆಚ್ಚು ತಿದ್ದದೆ ಇನ್ನೊಬ್ಬರ ಯಂತ್ರದಲ್ಲೂ ನಡೆಯಬೇಕು ಅನ್ನೋದು ಅದರ ಉದ್ದೇಶ. ಒಳಗಿನ ಕೋಡ್ ಯಾರದ್ದು ಅನ್ನೋದು ಅದರ ಪ್ರಶ್ನೆಯಾಗಿರಲಿಲ್ಲ. ‘ಓಪನ್ ಸೋರ್ಸ್’ ಅನ್ನೋ ಹೆಸರು ಬಂದಿದ್ದು 1998ರಲ್ಲಿ, ಅದು ಕೋಡನ್ನು ಯಾರು ಬೇಕಾದರೂ ನೋಡಿ ತಿದ್ದಬಹುದು ಅನ್ನೋದರ ಬಗ್ಗೆ. ನನ್ನ ಪೆಟ್ಟಿಗೆಯ ಹೆಚ್ಚಿನ ಬಿಡಿಭಾಗಗಳು ಎರಡನೇ ಅರ್ಥದಲ್ಲಿ ಓಪನ್. ಆದರೆ ಇಡಿಯಾಗಿ ನೋಡಿದರೆ ಅದು ಮೊದಲನೇ ಅರ್ಥದಲ್ಲಷ್ಟೇ ಓಪನ್. ಮಾರಿದವರು ಸುಳ್ಳು ಹೇಳಿರಲಿಲ್ಲ, ಕೇಳಿಸಿಕೊಂಡಿದ್ದು ನಾನೇ ತಪ್ಪು.

ಇದು ನನಗೆ ಗೊತ್ತಾಗಿದ್ದು ಅಜ್ಜಿಯ ಕೆಮ್ಮಿನಿಂದ.

ಅಜ್ಜಿ ಹೇಳುತ್ತಿದ್ದ ಕಥೆಗಳನ್ನು ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಂಡಿದ್ದೆ. ಫೈಲಿಗೆ ಉದ್ದುದ್ದ ಹೆಸರಿಡೋದು ನನ್ನ ಚಾಳಿ, ಅದೂ ಕನ್ನಡದಲ್ಲೇ. ಬೇರೆ ಕಡೆ ನೋಟ್ಸ್ ಬರೆಯೋಕೆ ಸೋಮಾರಿತನ, ಹಾಗಾಗಿ ಎಲ್ಲವನ್ನೂ ಹೆಸರಿನಲ್ಲೇ ತುಂಬುತ್ತೇನೆ. ಒಂದು ಫೈಲಿನ ಹೆಸರು ಹೀಗಿತ್ತು: ‘ಅಜ್ಜಿ ಹೇಳಿದ ಕಥೆ ಎರಡನೇ ಭಾಗ ಕೊನೆಯಲ್ಲಿ ಕೆಮ್ಮು ಇದೆ ಕತ್ತರಿಸಬೇಕು’. ಮನೆಯೊಳಗಿನ ಮಾತು ಅಲ್ವಾ, ನಾಳೆ ಯಾರಾದರೂ ಪೆಟ್ಟಿಗೆ ಹೊತ್ತುಕೊಂಡು ಹೋದರೂ ಕೇಳಬಾರದು ಅಂತ ಎನ್‌ಕ್ರಿಪ್ಟ್ ಆದ ಫೋಲ್ಡರ್ ಒಂದನ್ನು ಮಾಡಿ, ಅದಕ್ಕೆ ಎಲ್ಲವನ್ನೂ ಕಾಪಿ ಹಾಕಿ ಮಲಗಿದೆ.

ಬೆಳಗ್ಗೆ ನೋಡಿದರೆ ಅರ್ಧದಷ್ಟು ಫೈಲ್ ಬಂದೇ ಇಲ್ಲ. ‘ಕೆಲವು ಫೈಲ್‌ಗಳನ್ನು ಬಿಡಲಾಗಿದೆ’ ಅಂತ ಒಂದು ಸಾಲಿನ ಸಂದೇಶ. ಯಾವುವು, ಯಾಕೆ, ಒಂದೂ ಇಲ್ಲ. ಮೊದಲು ಡಿಸ್ಕ್ ಹೋಯಿತು ಅಂದುಕೊಂಡೆ. ಆಮೇಲೆ ನೆಟ್‌ವರ್ಕ್ ಕೇಬಲ್ ಬದಲಾಯಿಸಿದೆ. ಪರ್ಮಿಷನ್ ನೋಡಿದೆ. ಎರಡನೇ ಸಲ ಕಾಪಿ ಹಾಕಿದರೂ ಅವೇ ಫೈಲ್‌ಗಳು ಬಿಟ್ಟುಹೋದವು. ಇದು ಕೇಬಲ್ಲಿನ ತಪ್ಪಲ್ಲ ಅಂತ ಆಗ ಗೊತ್ತಾಯಿತು. ಇಂಗ್ಲಿಷ್ ಹೆಸರಿನವು ಎಲ್ಲ ಬಂದಿದ್ದವು. ಕನ್ನಡದಲ್ಲಿ ಚಿಕ್ಕ ಹೆಸರಿನವೂ ಬಂದಿದ್ದವು. ನಾನು ಮನಸ್ಸಿಟ್ಟು ಹೆಸರು ಕೊಟ್ಟಿದ್ದವು ಮಾತ್ರ ಹೊರಗೇ ಉಳಿದಿದ್ದವು. ಎಸ್‌ಎಸ್‌ಎಚ್‌ನಲ್ಲಿ ಒಳಗೆ ಹೋಗಿ ಕೈಯಾರೆ ಒಂದು ಫೈಲ್ ಕಾಪಿ ಮಾಡಿದಾಗಲೇ ನಿಜವಾದ ಕಾರಣ ಕಂಡಿದ್ದು: ಫೈಲಿನ ಹೆಸರು ವಿಪರೀತ ಉದ್ದ.

ಅಷ್ಟೇನು ಉದ್ದ? ಬೆರಳು ಮಡಿಚಿ ಎಣಿಸಿದರೆ 27 ಅಕ್ಷರ. ಆದರೆ ಕಂಪ್ಯೂಟರ್ ನಮ್ಮ ಹಾಗೆ ಎಣಿಸೋದಿಲ್ಲ. ‘ಲ್ಲಿ’ ನಮಗೆ ಒಂದು ಅಕ್ಷರ. ಅದಕ್ಕೆ ಲ, ಅದನ್ನು ಅರ್ಧಾಕ್ಷರ ಮಾಡುವ ಚಿಹ್ನೆ, ಇನ್ನೊಂದು ಲ, ಆಮೇಲೆ ಗುಡಿಸು, ಹೀಗೆ ನಾಲ್ಕು ಸಂಕೇತ. ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಅಂದರೆ ಒಂದು ‘ಲ್ಲಿ’ಗೆ 12 ಬೈಟ್! ಇಂಗ್ಲಿಷಿನ ಅಕ್ಷರಕ್ಕೆ ಒಂದೇ ಬೈಟ್ ಸಾಕು. ನನ್ನ 27 ಅಕ್ಷರದ ಹೆಸರಿನಲ್ಲಿ 50 ಸಂಕೇತ, ನಡುವೆ 8 ಖಾಲಿ ಜಾಗ, ಒಟ್ಟು 158 ಬೈಟ್.

ಇಎಕ್ಸ್‌ಟಿ4, ಬಿಟಿಆರ್‌ಎಫ್‌ಎಸ್ ಮುಂತಾದ ಫೈಲ್ ಸಿಸ್ಟಂಗಳು (ಡಿಸ್ಕ್ ಮೇಲೆ ಫೈಲ್ ಜೋಡಿಸಿಡುವ ವ್ಯವಸ್ಥೆಗಳು) ಒಂದು ಹೆಸರಿಗೆ 255 ಬೈಟ್ ತನಕ ಬಿಡುತ್ತವೆ. ಅದರಲ್ಲಿ ನನ್ನ ಹೆಸರು ಆರಾಮಾಗಿ ಹಿಡಿಯಬೇಕಿತ್ತು. ಆದರೆ ಪೆಟ್ಟಿಗೆಯವರು ಫೋಲ್ಡರ್ ಎನ್‌ಕ್ರಿಪ್ಟ್ ಮಾಡೋಕೆ ಆರಿಸಿಕೊಂಡಿದ್ದು ಈಕ್ರಿಪ್ಟ್‌ಎಫ್‌ಎಸ್. ಅದು ಫೈಲಿನ ಒಳಗಿನ ಮಾಹಿತಿಯ ಜೊತೆ ಹೆಸರನ್ನೂ ಗುಪ್ತ ಮಾಡುತ್ತದೆ. ಹಾಗೆ ಮಾಡಿದಾಗ ಹೆಸರು ಉಬ್ಬುತ್ತದೆ, ಉಬ್ಬಿದ ಹೆಸರು ಕೂಡ 255ರೊಳಗೇ ಇರಬೇಕು. ಹಾಗಾಗಿ ನಮಗೆ ಉಳಿಯೋದು 143 ಬೈಟ್. ಇಂಗ್ಲಿಷಿನಲ್ಲಿ ಬರೆಯುವವರಿಗೆ ಇದು 143 ಅಕ್ಷರ, ಜೀವಮಾನದಲ್ಲಿ ಒಮ್ಮೆಯೂ ಆ ಗೋಡೆಗೆ ತಲೆ ತಗುಲೋದಿಲ್ಲ. ನಮಗೆ 47 ಸಂಕೇತ. ಒತ್ತಕ್ಷರ ಜಾಸ್ತಿ ಇದ್ದರೆ ಇಪ್ಪತ್ತು ಅಕ್ಷರ ದಾಟೋದೂ ಕಷ್ಟ.

ಇಲ್ಲೊಂದು ತಮಾಷೆ ಇದೆ. ನನಗೆ ತೊಂದರೆ ಕೊಟ್ಟ ಈಕ್ರಿಪ್ಟ್‌ಎಫ್‌ಎಸ್ ಕೂಡ ಓಪನ್ ಸೋರ್ಸೇ! ಲಿನಕ್ಸ್ ಕರ್ನಲ್ ಜೊತೆಗೇ ಬರುತ್ತದೆ, ಈ 143ರ ಮಿತಿ ಅದರಲ್ಲಿ ಎಷ್ಟೋ ವರ್ಷದಿಂದ ಗೊತ್ತಿದ್ದದ್ದೇ. ಹಾಗಾಗಿ ‘ಓಪನ್ ಸೋರ್ಸ್ ಒಳ್ಳೇದು, ಕಂಪನಿ ಕೋಡ್ ಕೆಟ್ಟದ್ದು’ ಅಂತ ನಾನು ಹೇಳೋಕಾಗಲ್ಲ. ನನ್ನ ತಕರಾರು ಬೇರೆ. ಆ ಭಾಗ ಬೇಡ, ಬೇರೆ ಹಾಕಿ ಅನ್ನೋ ಹಕ್ಕು ಕಂಪನಿಗಿತ್ತು, ನನಗಿರಲಿಲ್ಲ.

ಪ್ರಯತ್ನ ಪಡಲಿಲ್ಲ ಅಂತಲ್ಲ. ಸಪೋರ್ಟ್‌ಗೆ ಬರೆದೆ. ಹೆಸರು ಚಿಕ್ಕದು ಮಾಡಿ, ಸಾಧ್ಯವಾದರೆ ಇಂಗ್ಲಿಷಿನಲ್ಲಿಡಿ ಅಂತ ಉತ್ತರ ಬಂತು. ಎಸ್‌ಎಸ್‌ಎಚ್ ಇದೆಯಲ್ಲ ಅಂತ ಒಳಗೆ ಹೋಗಿ ಲಕ್ಸ್ ಅನ್ನೋ ಬೇರೆ ಎನ್‌ಕ್ರಿಪ್ಷನ್ ಹಾಕಿದೆ. ಅದು ಇಡೀ ಪಾರ್ಟಿಷನ್‌ಗೆ ಬೀಗ ಹಾಕುತ್ತದೆ, ಒಂದೊಂದೇ ಹೆಸರಿನ ತಂಟೆಗೆ ಹೋಗೋದಿಲ್ಲ. ಕೆಲಸವೇನೋ ಮಾಡಿತು. ಆದರೆ ಪೆಟ್ಟಿಗೆಯ ವೆಬ್ ಪುಟಕ್ಕೆ ಅದು ಕಾಣಿಸಲೇ ಇಲ್ಲ, ಮುಂದಿನ ಅಪ್‌ಡೇಟ್ ಆದಾಗ ನಾನು ಬರೆದಿದ್ದ ಸ್ಕ್ರಿಪ್ಟ್ ಮಾಯವಾಗಿತ್ತು. ಜಿಪಿಎಲ್ ನೋಟಿಸ್ ಹಿಡಿದು ಸೋರ್ಸ್ ಕೂಡ ಇಳಿಸಿಕೊಂಡೆ. ಕರ್ನಲ್ ಇತ್ತು, ಸಾಂಬಾ ಇತ್ತು, ಕಾನೂನು ಕೇಳೋದೆಲ್ಲ ಇತ್ತು. ಯಾವ ಫೋಲ್ಡರನ್ನು ಹೇಗೆ ಎನ್‌ಕ್ರಿಪ್ಟ್ ಮಾಡಬೇಕು ಅಂತ ತೀರ್ಮಾನಿಸುವ ಆ ವೆಬ್ ಪುಟದ ಕೋಡ್ ಮಾತ್ರ ಅದರಲ್ಲಿರಲಿಲ್ಲ. ಅದು ಅವರದ್ದೇ ಸ್ವಂತ ಕೋಡ್, ಕೊಡಬೇಕು ಅಂತಲೂ ಇಲ್ಲ.

ಆ ವಾರವೇ ಅಟ್ಟದ ಮೇಲಿಂದ ಡೆಸ್ಕ್‌ಟಾಪ್ ಇಳಿಸಿ ಧೂಳು ಊದಿದೆ.

ಡೆಬಿಯನ್, ಓಪನ್‌ಮೀಡಿಯಾವಾಲ್ಟ್, ಲಕ್ಸ್, ಅದರ ಮೇಲೆ ಇಎಕ್ಸ್‌ಟಿ4. ಅಜ್ಜಿಯ ಕಥೆಗಳು ಒಂದೂ ಬಿಡದೆ ಬಂದವು. ಇದೇನು ಹೂವಿನ ದಾರಿಯಾಗಿರಲಿಲ್ಲ. ಸಾಂಬಾದ ಸೆಟ್ಟಿಂಗ್ಸ್ ಫೈಲನ್ನು ಕೈಯಲ್ಲೇ ತಿದ್ದಿ, ಆಮೇಲೆ ವೆಬ್ ಪುಟದಲ್ಲಿ ಇನ್ನೇನೋ ಬದಲಾಯಿಸಿ ‘ಅಪ್ಲೈ’ ಒತ್ತಿದೆ. ನಾನು ತಿದ್ದಿದ್ದೆಲ್ಲ ಅಳಿಸಿಹೋಯಿತು. ಅರೆ, ಇದೂ ಅದೇ ಕಥೆಯಾ ಅಂತ ಸಿಟ್ಟು ಬಂತು. ಫೈಲ್ ತೆರೆದು ನೋಡಿದರೆ, ಇದನ್ನು ಓಪನ್‌ಮೀಡಿಯಾವಾಲ್ಟ್ ತಾನೇ ಬರೆಯುತ್ತದೆ ಅಂತ ತಲೆಬರಹದಲ್ಲೇ ಇತ್ತು. ಓದದೆ ಕೈ ಹಾಕಿದ್ದು ನಾನು. ನಮ್ಮ ಹೆಚ್ಚಿನ ಸಾಲುಗಳನ್ನು ಸೇರಿಸೋಕೆ ಅದೇ ವೆಬ್ ಪುಟದಲ್ಲಿ ಒಂದು ಬಾಕ್ಸ್ ಕೊಟ್ಟಿದ್ದಾರೆ. ಹತ್ತು ನಿಮಿಷದ ಕೆಲಸ, ಹುಡುಕೋಕೆ ಒಂದು ರಾತ್ರಿ.

ಟ್ರೂನಾಸ್ ಅನ್ನೋ ಇನ್ನೊಂದು ನಾಸ್ ಸಾಫ್ಟ್‌ವೇರನ್ನೂ ಒಂದು ವಾರ ಓಡಿಸಿ ನೋಡಿದೆ. 2005ರಲ್ಲಿ ಫ್ರೀನಾಸ್ ಅಂತ ಶುರುವಾಗಿ 2020ರಲ್ಲಿ ಈ ಹೆಸರಿಗೆ ಬದಲಾಗಿದ್ದು. ಹಿಂದೆ ಒಂದು ಕಂಪನಿ ಇದೆ, ಕೋಡೂ ತೆರೆದಿದೆ, ಒಳಗಿನ ಫೈಲ್ ಸಿಸ್ಟಂ ಜೆಡ್‌ಎಫ್‌ಎಸ್ ಬಗ್ಗೆ ಎರಡು ಮಾತಿಲ್ಲ. ಆದರೆ ನಾನು ಕೈಯಲ್ಲಿ ಕಾಸಿದ್ದಾಗ ಒಂದೊಂದೇ ಡಿಸ್ಕ್ ತರುವವನು. ಅದರ ರೇಡ್-ಜೆಡ್ ಅನ್ನೋ ಡಿಸ್ಕ್ ಗುಂಪಿಗೆ ಒಂದೇ ಒಂದು ಡಿಸ್ಕ್ ಸೇರಿಸುವ ಸೌಕರ್ಯ ಓಪನ್‌ಜೆಡ್‌ಎಫ್‌ಎಸ್‌ನ ಅಧಿಕೃತ ಬಿಡುಗಡೆಯಲ್ಲಿ ಬಂದಿದ್ದು 2025ರ ಜನವರಿಯ 2.3ರಲ್ಲಷ್ಟೇ. ಅಷ್ಟರಲ್ಲಿ ನನ್ನ ಮನೆ ಕಟ್ಟಿ ಆಗಿತ್ತು.

ಪೆಟ್ಟಿಗೆಗೆ ಸಲ್ಲಬೇಕಾದ್ದನ್ನೂ ಹೇಳಬೇಕು. ಅದರ ಡಿಸ್ಕ್‌ಗಳನ್ನು ಬಿಚ್ಚಿ ಡೆಸ್ಕ್‌ಟಾಪಿಗೆ ಹಾಕಿದಾಗ ರೇಡ್ ಜೋಡಣೆ, ಎಲ್‌ವಿಎಂ (ಹಲವು ಡಿಸ್ಕ್‌ಗಳನ್ನು ಒಂದಾಗಿ ಹೊಂದಿಸುವ ಲಿನಕ್ಸ್ ವಿಧಾನಗಳು), ಎಲ್ಲವನ್ನೂ ಡೆಬಿಯನ್ ಗುರುತಿಸಿತು. ಎರಡು ಕಮಾಂಡ್, ಫೈಲ್‌ಗಳು ಕಣ್ಣೆದುರು. ಅವರು ಒಳಗೆ ಲಿನಕ್ಸಿನದ್ದೇ ಸಾಮಾನು ಬಳಸಿದ್ದರಿಂದ ನನಗೆ ಸಿಕ್ಕ ದೊಡ್ಡ ಲಾಭ ಇದು. ಬರದೇ ಹೋಗಿದ್ದು ಅವರ ಸ್ವಂತ ಸಾಮಾನು. ಬ್ಯಾಕಪ್ ಫೈಲ್ ಅವರ ಸಾಫ್ಟ್‌ವೇರಿಲ್ಲದೆ ತೆರೆಯೋದಿಲ್ಲ. ಫೋಟೋ ಆ್ಯಪ್‌ನ ಆಲ್ಬಂಗಳು, ಮುಖಗಳಿಗೆ ಕೊಟ್ಟ ಹೆಸರುಗಳು ಅಲ್ಲೇ ಉಳಿದವು.

ಆ ಹೆಸರುಗಳನ್ನು ಕೊಟ್ಟವಳು ನಮ್ಮಕ್ಕ. ಫೋನ್ ಮಾಡಿದಳು.

‘ಏನೋ ಮಾಡಿದೆ ನನ್ನ ಫೋಟೋನ? ಮೊದಲು ಅಮ್ಮನ ಮುಖ ಒತ್ತಿದ್ರೆ ಅಮ್ಮನ ಫೋಟೋ ಎಲ್ಲಾ ಬರ್ತಿತ್ತು.’

‘ಅಕ್ಕಾ, ಫೋಟೋ ಎಲ್ಲ ಇದೆ. ಆ್ಯಪ್ ಬದಲಾಗಿದೆ ಅಷ್ಟೇ.’

‘ಅಷ್ಟೇನಾ? ಮತ್ತೆ ನಾನ್ಯಾಕೆ ಅಷ್ಟು ದಿನ ಕೂತು ಹೆಸರು ಹಾಕಿದ್ದು?’

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಇಮ್ಮಿಚ್ ಅನ್ನೋ ಫೋಟೋ ಆ್ಯಪ್ ಹಾಕಿಕೊಟ್ಟೆ. ಅದೂ ಮುಖ ಗುರುತಿಸುತ್ತದೆ, ಚೆನ್ನಾಗಿಯೂ ಇದೆ. ಆದರೆ ಹೆಸರುಗಳನ್ನು ಮೊದಲಿಂದ ಹಾಕಬೇಕಾಯಿತು, ಶುರುವಿನಲ್ಲಿ ಒಂದೆರಡು ಅಪ್‌ಡೇಟ್‌ಗಳು ಅವಳ ಫೋನಿನ ಆ್ಯಪನ್ನು ಕೈಕೊಡಿಸಿದವು. ಫೋನ್ ಆ್ಯಪ್ ವಿಷಯದಲ್ಲಿ ಪೆಟ್ಟಿಗೆಯೇ ಮೇಲು. ಅಕ್ಕನ ಮುಂದೆ ನಾನು ಬೇರೆ ಮಾತಾಡೋಕಾಗಲ್ಲ.

ಕರೆಂಟು ಮತ್ತು ಸದ್ದು: ಎರಡರಲ್ಲೂ ಪೆಟ್ಟಿಗೆ ಗೆದ್ದಿತು. ಡೆಸ್ಕ್‌ಟಾಪಿನ ಫ್ಯಾನ್ ರಾತ್ರಿ ಗೊರಕೆ ಹೊಡೆಯುತ್ತದೆ.

ಡಿಸ್ಕ್ ಆಯ್ಕೆ: ಪೆಟ್ಟಿಗೆ ತನ್ನ ಪಟ್ಟಿಯಲ್ಲಿಲ್ಲದ ಡಿಸ್ಕ್ ಹಾಕಿದರೆ ಎಚ್ಚರಿಕೆ ತೋರಿಸಿಕೊಂಡೇ ಇರುತ್ತದೆ. ಡೆಬಿಯನ್‌ಗೆ ಅಂಥ ಪಟ್ಟಿಯ ಗೊಡವೆ ಇಲ್ಲ.

ಅಪ್‌ಡೇಟ್: ಪೆಟ್ಟಿಗೆಯಲ್ಲಿ ಒಂದು ಗುಂಡಿ ಒತ್ತಿದರೆ ಆಯಿತು, ಆದರೆ ಎಷ್ಟು ವರ್ಷ ಅನ್ನೋದು ಅವರ ಕೈಲಿದೆ. ಡೆಬಿಯನ್‌ನ ಒಂದೊಂದು ಆವೃತ್ತಿಗೆ ಮೂರು ವರ್ಷ, ಎಲ್‌ಟಿಎಸ್ (ಹೆಚ್ಚುವರಿ ಕಾಲದ ಬೆಂಬಲ) ಸೇರಿದರೆ ಐದು ವರ್ಷ. ಆಮೇಲೆ ಅದೇ ಯಂತ್ರಕ್ಕೆ ಮುಂದಿನ ಆವೃತ್ತಿ ಹಾಕಿಕೊಳ್ಳಬಹುದು.

ತೀರ್ಪು ನಿಮಗೆ ಗೊತ್ತೇ ಇದೆ. ಆದರೆ ಅದು ನನ್ನ ಲೆಕ್ಕದ ತೀರ್ಪು. ಯಂತ್ರ ಅಟ್ಟದ ಮೇಲೆ ಸುಮ್ನೆ ಬಿದ್ದಿತ್ತು, ನಾನು ದುಡ್ಡು ಹಾಕಿದ್ದು ಡಿಸ್ಕ್‌ಗಳಿಗೆ ಮಾತ್ರ. ಪೆಟ್ಟಿಗೆಗೆ ಕೊಟ್ಟ ದುಡ್ಡಿನಲ್ಲಿ ಇನ್ನೆರಡು ಡಿಸ್ಕ್ ಬರುತ್ತಿತ್ತು ಅಂತ ಈಗಲೂ ಹೊಟ್ಟೆ ಉರಿಯುತ್ತದೆ. ರಾತ್ರಿ ಊಟ ಆದಮೇಲೆ ಒಂದು ಗಂಟೆ ಕಪ್ಪು ಪರದೆ ಮುಂದೆ ಕೂರೋದು ನನಗೆ ಬೇಜಾರಿನ ಕೆಲಸವಲ್ಲ. ನಿಮಗೆ ಬೇಜಾರಾಗುತ್ತದೆ, ಮನೆಯವರ ಫೋಟೋ ಫೋನಿಂದ ತಾನಾಗಿ ಹೋಗಿ ಕೂತರೆ ಸಾಕು ಅನ್ನುವುದಾದರೆ ಪೆಟ್ಟಿಗೆಯನ್ನೇ ತಗೊಳ್ಳಿ. ತಂದ ದಿನವೇ ಒಂದು ಕೆಲಸ ಮಾಡಿ: ನಿಮ್ಮ ಹತ್ತಿರ ಇರುವ ಅತೀ ಉದ್ದದ ಕನ್ನಡ ಹೆಸರಿನ ಫೈಲನ್ನು ಎನ್‌ಕ್ರಿಪ್ಟ್ ಆದ ಫೋಲ್ಡರಿಗೆ ಹಾಕಿ ನೋಡಿ. ಡಬ್ಬ ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ನೋಡಿ.

ಪೆಟ್ಟಿಗೆ ಈಗ ಅಕ್ಕನ ಮನೆಯಲ್ಲಿದೆ, ವಾರಕ್ಕೊಮ್ಮೆ ಎದ್ದು ನನ್ನ ಬ್ಯಾಕಪ್ ತಗೊಂಡು ಮಲಗುತ್ತದೆ. ಬ್ಯಾಕಪ್ಪನ್ನು ಇಲ್ಲಿಂದಲೇ ರೆಸ್ಟಿಕ್ ಅನ್ನೋ ಬ್ಯಾಕಪ್ ಸಾಫ್ಟ್‌ವೇರ್‌ನಲ್ಲಿ ಎನ್‌ಕ್ರಿಪ್ಟ್ ಮಾಡಿ ಕಳಿಸುತ್ತೇನೆ, ಹಾಗಾಗಿ ಹೆಸರಿನ ಉದ್ದ ಅದಕ್ಕೆ ತಿಳಿಯೋದೇ ಇಲ್ಲ. ಇಷ್ಟೆಲ್ಲ ಆದರೂ ಅಜ್ಜಿಯ ಕೆಮ್ಮನ್ನು ಇನ್ನೂ ಕತ್ತರಿಸಿಲ್ಲ.