ಕಾಲೇಜಿನ ಆ ಪುಸ್ತಿಕೆಯ ಫೋಟೋದಲ್ಲಿ ಇರುವವನು ನಾನೇ, ದಯವಿಟ್ಟು ಅದನ್ನು ನಂಬಬೇಡಿ

ಸಂವಹನ ಮತ್ತು ಮಾಧ್ಯಮ ಓದಬೇಕು ಅಂತ ಸಣ್ಣ ಕಾಲೇಜು ಹುಡುಕುತ್ತಿರುವವರು ಇದನ್ನು ಓದಿ. ಬರೆಯಲು ನಾಚಿಕೆಯಾಗುತ್ತದೆ. ಮಾಧ್ಯಮ ಕಲಿಯಲು ಹೋದವನೇ ಜಾಹೀರಾತಿಗೆ ಬಿದ್ದ ಅಂದರೆ ಯಾರಾದರೂ ನಗುತ್ತಾರೆ. ನಗಲಿ.

ಸೇರುವ ಮೊದಲು ನೋಡಲು ಹೋಗಿದ್ದೆ. ಕಾಲೇಜಿನ ಪ್ರವೇಶದ ಪುಸ್ತಿಕೆಯಲ್ಲಿ ಸ್ಟುಡಿಯೋ ಇತ್ತು, ವಿಡಿಯೋದ ಹಿನ್ನೆಲೆ ಬದಲಿಸಲು ಬಳಸುವ ಹಸಿರು ಪರದೆ ಇತ್ತು, ಹೆಡ್‌ಫೋನ್ ಹಾಕಿಕೊಂಡು ಕ್ಯಾಮೆರಾ ಹಿಂದೆ ನಿಂತ ಹುಡುಗಿ ಇದ್ದಳು. ಸ್ಟುಡಿಯೋ ತೋರಿಸಿ ಅಂದೆ. "ಕೀ ಟೆಕ್ನಿಷಿಯನ್ ಹತ್ತಿರ ಇದೆ, ಅವರು ಇವತ್ತು ರಜೆ" ಅಂದರು. ಬಾಗಿಲ ಗಾಜಿನಿಂದ ಇಣುಕಿದೆ. ಹಸಿರು ಪರದೆ ಕಂಡಿತು. ಸಾಕಲ್ಲ ಅನ್ನಿಸಿತು. ಶುಲ್ಕ ಕಟ್ಟಿದೆ.

ಆ ಟೆಕ್ನಿಷಿಯನ್ ಮುಖವನ್ನು ಮೂರು ವರ್ಷದಲ್ಲಿ ಒಮ್ಮೆಯೂ ನೋಡಲಿಲ್ಲ. ಅಂಥವರು ಯಾರೂ ಇರಲೇ ಇಲ್ಲ.

ಮೊದಲ ವರ್ಷ ಪೂರ್ತಿ ಸಿದ್ಧಾಂತ. ಅಮೆರಿಕದ ವಿದ್ವಾಂಸ ಲಾಸ್‌ವೆಲ್ 1948ರಲ್ಲಿ ಕೊಟ್ಟ ಸಂವಹನದ ಮಾದರಿ: ಯಾರು, ಏನನ್ನು, ಯಾವ ದಾರಿಯಲ್ಲಿ, ಯಾರಿಗೆ ಹೇಳಿದರು, ಪರಿಣಾಮ ಏನಾಯಿತು. ಪರೀಕ್ಷೆಯಲ್ಲಿ ಚೆನ್ನಾಗಿಯೇ ಬರೆದೆ. ಅದನ್ನು ಆ ಪುಸ್ತಿಕೆಗೆ ಹಚ್ಚಿ ನೋಡುವ ಬುದ್ಧಿ ಬರಲಿಲ್ಲ, ಅಷ್ಟೇ. ಐದು ವಿಷಯಕ್ಕೂ ಒಬ್ಬರೇ ಮೇಷ್ಟ್ರು. ಪಾಪ, ವರದಿ ಬರೆಯುವುದನ್ನು ಚೆನ್ನಾಗಿ ಕಲಿಸಿದರು. ನನ್ನ ಸುದ್ದಿಯ ಕೊನೇ ಪ್ಯಾರಾ ಕಿತ್ತು ಮೇಲಿಟ್ಟು, "ಇದು ಸುದ್ದಿ, ಉಳಿದದ್ದು ನಿನ್ನ ಪುರಾಣ" ಅಂದಿದ್ದು ಇನ್ನೂ ನೆನಪಿದೆ. ಆದರೆ ಬೆಳಕು, ಧ್ವನಿ, ಎಡಿಟಿಂಗ್ ಅವರಿಗೂ ಗೊತ್ತಿರಲಿಲ್ಲ. ಅವರೇ ಒಪ್ಪಿಕೊಂಡರು.

ಎರಡನೇ ವರ್ಷ ಕ್ಯಾಮೆರಾ ಕೈಗೆ ಬಂತು. ಮಿನಿ ಡಿವಿ ಟೇಪ್ ಕ್ಯಾಮೆರಾ. ಆ ಬಗೆಯ ಟೇಪ್ ಬಂದದ್ದು 1995ರಲ್ಲಿ, ನಾನು ಹುಟ್ಟುವ ಮೊದಲು! 60 ನಿಮಿಷ ಶೂಟ್ ಮಾಡಿದರೆ ಕಂಪ್ಯೂಟರಿಗೆ ಇಳಿಸಲೂ 60 ನಿಮಿಷ, ಟೇಪ್ ಓಡಿಸುತ್ತಲೇ ಇಳಿಸಬೇಕು. ಅದಕ್ಕೆ ಫೈರ್‌ವೈರ್ ಅನ್ನುವ ಹಳೇ ಬಗೆಯ ಕೇಬಲ್ ಪೋರ್ಟ್ ಬೇಕು. ಲ್ಯಾಬಿನ ಒಂದು ಕಂಪ್ಯೂಟರಿನಲ್ಲೂ ಅದಿಲ್ಲ. ಅಂದರೆ ಶೂಟ್ ಮಾಡಬಹುದು, ಮಾಡಿದ್ದನ್ನು ಹೊರಗೆ ತೆಗೆಯುವ ಹಾಗಿಲ್ಲ. ಮುಖ್ಯಸ್ಥರ ಹತ್ತಿರ ಹೋದೆ. "ಕ್ಯಾಮೆರಾ ಯಾವುದಾದರೇನು? ಮೊದಲು ನೋಡುವುದು ಕಲಿ" ಅಂದರು. ಮತ್ತೆ ಹೋದೆ. "ಸಮಾಜವೇ ನಿನ್ನ ಸ್ಟುಡಿಯೋ" ಅಂದರು. ಮೂರನೇ ಸಲ ಹೋದಾಗ, "ಬೇರೆ ಯಾರಿಗೂ ಇಲ್ಲದ ತೊಂದರೆ ನಿನಗೊಬ್ಬನಿಗೇ ಯಾಕೆ?" ಸಮಾಜವೇ ಸ್ಟುಡಿಯೋ ಅಂತೆ. ಹಾಗಾದರೆ ಶುಲ್ಕವನ್ನೂ ಸಮಾಜಕ್ಕೇ ಕಟ್ಟುತ್ತಿದ್ದೆನಲ್ಲ.

ನಿಜವಾಗಿ ಹೊಟ್ಟೆ ಉರಿಯುವುದು ಇದಕ್ಕಲ್ಲ. ಅದೇ ವರ್ಷದ ಕೊನೆಗೆ ಸ್ಟುಡಿಯೋ ಬಾಗಿಲು ತೆರೆಯಿತು. ಒಳಗೆ ದೊಡ್ಡ ಕ್ಯಾಮೆರಾ, ಮೂರು ಲೈಟು, ಆಡಿಯೋ ಮಿಕ್ಸರ್. ಕುಣಿಯುವಷ್ಟು ಖುಷಿಯಾಯಿತು. ಒಳ್ಳೆಯ ಅಂಗಿ ಹಾಕಿಕೊಂಡು ಬಾ ಅಂತ ಮೊದಲೇ ಹೇಳಿದ್ದರು. ಕ್ಯಾಮೆರಾ ಹಿಂದೆ ನಿಲ್ಲಿಸಿದರು, ಕಿವಿಗೆ ಹೆಡ್‌ಫೋನ್ ಕೊಟ್ಟರು. ಏನೂ ಕೇಳಿಸಲಿಲ್ಲ. ವೈರ್ ಹಿಡಿದು ನೋಡಿದೆ. ತುದಿ ನೆಲದ ಮೇಲೆ ಬಿದ್ದಿತ್ತು. ಎಲ್ಲಿಗೆ ಚುಚ್ಚಲಿ ಅಂತ ಕೇಳಿದೆ. "ಬೇಡ ಬಿಡು, ಫೋಟೋದಲ್ಲಿ ಕಾಣುವುದಿಲ್ಲ. ನೀನು ನಗು" ಅಂದರು. ನಕ್ಕೆ. ನಕ್ಕೆ ರೀ! ಸಂಜೆ ಬಾಡಿಗೆಯವರ ಗಾಡಿ ಬಂದು ಎಲ್ಲವನ್ನೂ ಹೇರಿಕೊಂಡು ಹೋಯಿತು. ನಾನು ನೋಡಿ ಮರುಳಾದ ಆ ಹುಡುಗಿಯ ವೈರೂ ಹೀಗೇ ನೆಲದ ಮೇಲೆ ಬಿದ್ದಿತ್ತೇನೋ.

ಮುಂದಿನ ವರ್ಷ ಹೊಸ ಹುಡುಗನೊಬ್ಬ ಬಂದು ಕೈ ಕುಲುಕಿದ. "ಅಣ್ಣಾ, ನಿಮ್ಮ ಫೋಟೋ ನೋಡಿಯೇ ಇಲ್ಲಿ ಸೇರಿದೆ. ಸ್ಟುಡಿಯೋ ಯಾವಾಗ ತೆರೆಯುತ್ತಾರೆ?" ಏನು ಹೇಳಲಿ? ಕೀ ಟೆಕ್ನಿಷಿಯನ್ ಹತ್ತಿರ ಇದೆ ಅಂದುಬಿಟ್ಟೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಸೇರುವಾಗ ಖಚಿತ ಇಂಟರ್ನ್‌ಶಿಪ್ ಕೊಡುತ್ತೇವೆ ಅಂದಿದ್ದರು, ಅದು ಕಾಲೇಜಿನದೇ ಪ್ರವೇಶದ ಪೋಸ್ಟರ್ ಮಾಡುವ ಕೆಲಸ. ಆಮೇಲೆ ಕೆಲಸದ ಸಂದರ್ಶನಕ್ಕೆ ಹೋದಾಗ ಶೋರೀಲ್, ಅಂದರೆ ನಾನು ಮಾಡಿದ ಕೆಲಸದ ವಿಡಿಯೋ ಕೇಳಿದರು. ಫೋನಿನಲ್ಲಿ ತೆಗೆದು, ಉಚಿತವಾಗಿ ಸಿಗುವ ಡಾವಿಂಚಿ ರಿಸಾಲ್ವ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ನಾನೇ ತಡಕಾಡಿ ಜೋಡಿಸಿದ್ದನ್ನು ತೋರಿಸಿದೆ. "ಆಡಿಯೋ ಯಾರು ಮಾಡಿದ್ದು?" ಅಂದರು. ಯಾರೂ ಮಾಡಿರಲಿಲ್ಲ. ಅದು ಅವರಿಗೂ ಕೇಳಿಸುತ್ತಿತ್ತು.

ಸಣ್ಣ ಕಾಲೇಜುಗಳೆಲ್ಲ ಹೀಗೇ ಅಂತ ಹೇಳುತ್ತಿಲ್ಲ. ಹತ್ತೇ ಜನ ಇದ್ದರೆ ಕ್ಯಾಮೆರಾ ಸರದಿ ಬೇಗ ಬರುತ್ತದೆ, ಕ್ಯಾಮೆರಾ ಇದ್ದರೆ. ಸೇರುವ ಮೊದಲು ಸ್ಟುಡಿಯೋ ಒಳಗೆ ನಿಂತು ಲೈಟ್ ಹಾಕಿಸಿ. ಕೀ ಇಲ್ಲ ಅಂದರೆ ಇನ್ನೊಂದು ದಿನ ಹೋಗಿ, ಅವತ್ತೂ ಇಲ್ಲದಿದ್ದರೆ ಮತ್ತೆ ಆ ಕಡೆ ತಲೆ ಹಾಕಬೇಡಿ. ಹೋದ ವರ್ಷದವರು ಮಾಡಿದ ಕೆಲಸ ತೋರಿಸಿ ಅನ್ನಿ. ಮೇಷ್ಟ್ರು ಇಲ್ಲದ ಕಡೆ ಎರಡನೇ ವರ್ಷದವರನ್ನು ಹಿಡಿದು ಮಾತಾಡಿಸಿ.

ನನ್ನ ಫೋಟೋ ತೆಗೆದುಹಾಕಿ ಅಂತ ಎರಡು ಸಲ ಕಾಲೇಜಿಗೆ ಬರೆದೆ. "ನಿನಗೂ ಹೆಮ್ಮೆ ಅಲ್ವಾ?" ಅಂತ ಉತ್ತರ ಬಂತು. ಈ ವರ್ಷದ ಪುಸ್ತಿಕೆಯಲ್ಲೂ ನಾನೇ ಇದ್ದೇನೆ. ನೀಲಿ ಅಂಗಿ, ಹಲ್ಲು ಬಿಟ್ಟ ನಗು, ಕಿವಿಗೆ ಹೆಡ್‌ಫೋನ್. ಎಲ್ಲಾದರೂ ಕಂಡರೆ, ಆ ವೈರ್ ಎಲ್ಲಿಗೆ ಹೋಗಿದೆ ಅಂತ ಸ್ವಲ್ಪ ಹುಡುಕಿ ನೋಡಿ.