ರಿಂಗ್ ರೋಡಿನ ಹೊಸ ರ‍್ಯಾಪ್ ಅಂಗಡಿ: ಕೈಗೆ ಐದು ಸ್ಟಾರ್, ಗಲ್ಲಾಪೆಟ್ಟಿಗೆಗೆ ಎರಡು

ಕಾರಿಗೆ ಪೇಂಟ್ ಹೊಡೆಸುವ ಬದಲು ಮೇಲೆ ವಿನೈಲ್ ಫಿಲ್ಮ್ ಅಂಟಿಸಿ ಬಣ್ಣ ಬದಲಾಯಿಸುತ್ತಾರಲ್ಲ, ಅಂಥ ರ‍್ಯಾಪ್ ಅಂಗಡಿಯನ್ನು ಮೈಸೂರಿನಲ್ಲೇ ಹುಡುಕುತ್ತಿದ್ದೆ. ಬೆಂಗಳೂರಿನ ಜೆ.ಸಿ. ರೋಡಿಗೆ ಹೋದರೆ ಕಾರಿನ ಅಲಂಕಾರದ ಅಂಗಡಿಗಳು ಸಾಲಾಗಿವೆ, ಆದರೆ ಕಾರು ಅಲ್ಲಿ ಬಿಟ್ಟು ಬಸ್ಸಲ್ಲಿ ವಾಪಸ್ ಬರುವ ತಾಪತ್ರಯ ಯಾರಿಗೆ ಬೇಕು. ರಿಂಗ್ ರೋಡ್ ಪಕ್ಕ ಇಬ್ಬರು ಹುಡುಗರು ಹೊಸದಾಗಿ ಶುರು ಮಾಡಿದ್ದಾರೆ ಅಂತ ಗೊತ್ತಾಯಿತು. ನನ್ನ ಹಳೇ ಬಿಳಿ ಸ್ವಿಫ್ಟ್ ಅಲ್ಲೇ ಕೊಟ್ಟೆ, ಮ್ಯಾಟ್ ಗ್ರೇ ಮಾಡಿಸಿದೆ. ಅಂಗಡಿ ಹೆಸರು ಇಲ್ಲಿ ಹಾಕುವುದಿಲ್ಲ. ಸಾಲ ಮಾಡಿ ಶುರು ಮಾಡಿದವರು, ಅವರ ಹೊಟ್ಟೆ ಮೇಲೆ ಹೊಡೆಯುವ ಉದ್ದೇಶ ನನಗಿಲ್ಲ. ನಾನೂ ಫ್ಲೆಕ್ಸ್, ಸ್ಟಿಕ್ಕರ್ ಕೆಲಸದಲ್ಲೇ ಇರುವವನು, ಹಾಗಾಗಿ ಗಿರಾಕಿಯ ಕಣ್ಣಿನ ಜೊತೆ ಅಂಗಡಿಯವನ ಕಣ್ಣೂ ಸ್ವಲ್ಪ ಸೇರಿಕೊಂಡಿದೆ. ಇಂಥ ಅಂಗಡಿ ಹಾಕಬೇಕು ಅಂತಿರುವವರೂ ಓದಬಹುದು.

ಮೊದಲು ಒಳ್ಳೆಯದು ಹೇಳಿಬಿಡುತ್ತೇನೆ. ಇಬ್ಬರಲ್ಲಿ ಒಬ್ಬ ಬೆಂಗಳೂರಿನಲ್ಲಿ ವರ್ಷಗಟ್ಟಲೆ ಇದೇ ಕೆಲಸ ಮಾಡಿ ಬಂದವನು. ಅವನ ಕೈ ನೋಡುವುದೇ ಒಂದು ಖುಷಿ. ಹ್ಯಾಂಡಲ್, ಲೋಗೋ, ಹಿಂದಿನ ಲೈಟು ಎಲ್ಲ ಬಿಚ್ಚಿ ಪಕ್ಕಕ್ಕಿಟ್ಟು ಫಿಲ್ಮನ್ನು ಒಳಗಿನ ತನಕ ಮಡಚಿದ. ಬಿಚ್ಚದೇ ಸುತ್ತಲೂ ಬ್ಲೇಡ್ ಎಳೆದು ಮುಗಿಸುವವರೇ ಜಾಸ್ತಿ, ಆ ಬ್ಲೇಡಿನ ಗೆರೆ ಕೆಳಗಿನ ಪೇಂಟ್ ಮೇಲೆ ಬಿದ್ದಿರುವುದು ಫಿಲ್ಮ್ ತೆಗೆದ ದಿನ ಗೊತ್ತಾಗುತ್ತದೆ. ಈತ ಕತ್ತರಿಸಬೇಕಾದ ಕಡೆ ದಾರ ಇರುವ ಟೇಪ್ ಬಳಸುತ್ತಾನೆ. ಅದನ್ನು ಮೊದಲೇ ಅಂಟಿಸಿ, ಮೇಲೆ ಫಿಲ್ಮ್ ಹಾಕಿ, ಆಮೇಲೆ ದಾರ ಎಳೆದರೆ ಫಿಲ್ಮ್ ಮಾತ್ರ ಕತ್ತರಿಸುತ್ತದೆ, ಪೇಂಟಿಗೆ ಏನೂ ಆಗಲ್ಲ. ಬಂಪರಿನ ಮೂಲೆಗಳಲ್ಲಿ ಫಿಲ್ಮ್ ಎಳೆದು ಕೂರಿಸಿದ ಮೇಲೆ ಹೀಟ್ ಗನ್ ಹಿಡಿದು, ಶಾಖ 90 ಡಿಗ್ರಿ ದಾಟಿದೆಯಾ ಅಂತ ಥರ್ಮಾಮೀಟರ್ ಗನ್ನಿನಲ್ಲಿ ನೋಡುತ್ತಿದ್ದ. ಆ ಶಾಖ ಕೊಡದೇ ಬಿಟ್ಟರೆ ಎಳೆದ ಫಿಲ್ಮ್ ನಿಧಾನಕ್ಕೆ ಹಳೇ ಆಕಾರಕ್ಕೆ ಹೋಗಲು ನೋಡುತ್ತದೆ, ಅಂಚು ಏಳುತ್ತದೆ. ಹಾಕಿದ್ದು ಕಾಸ್ಟ್ ಫಿಲ್ಮ್, ಅಂದರೆ ದ್ರವವನ್ನು ತೆಳ್ಳಗೆ ಹೊಯ್ದು ಒಣಗಿಸಿ ಮಾಡುವಂಥದ್ದು. ಕ್ಯಾಲೆಂಡರ್ಡ್ ಅಂತ ಇನ್ನೊಂದು ಬರುತ್ತದೆ, ಅದನ್ನು ರೋಲರ್‌ಗಳ ನಡುವೆ ಒತ್ತಿ ಮಾಡುತ್ತಾರೆ, ರೇಟ್ ಕಡಿಮೆ, ಚಪ್ಪಟೆ ಬೋರ್ಡಿಗೆ ಸರಿ. ಕಾರಿನ ಉಬ್ಬುತಗ್ಗಿಗೆ ಹಾಕಿದರೆ ಬಿಸಿಲಿಗೆ ಕುಗ್ಗಿ ಕೈಕೊಡುತ್ತದೆ. ಇಷ್ಟೆಲ್ಲ ಗೊತ್ತಿರುವ ಹುಡುಗ ಅವನು. ಕೆಲಸಕ್ಕೆ ನೂರಕ್ಕೆ ನೂರು.

ತೊಂದರೆ ಇರುವುದು ಕೌಂಟರಿನಲ್ಲಿ. ರೇಟ್ ಹೇಳುವವನು ಇನ್ನೊಬ್ಬ, ಅವನಿಗೆ ಕೆಲಸ ಗೊತ್ತಿಲ್ಲ. ಬಾಯಿ ಮಾತ್ರ ಸಕ್ಕರೆ. ಯಾರು ಏನು ಕೇಳಿದರೂ 'ಆಯ್ತು ಸರ್, ಮಾಡಿಕೊಡೋಣ' ಅನ್ನುತ್ತಾನೆ.

ನನಗೆ ಹೇಳಿದ್ದು 42 ಸಾವಿರ. ಬೆಂಗಳೂರಿನಲ್ಲಿ ಇದೇ ಫಿಲ್ಮಿಗೆ 60ಕ್ಕಿಂತ ಕೆಳಗೆ ಯಾರೂ ಇಳಿದಿರಲಿಲ್ಲ, ಹಾಗಾಗಿ ನಾನು ಖುಷಿಯಲ್ಲೇ ಒಪ್ಪಿದೆ. ಆಮೇಲೆ ಟೀ ಕುಡಿಯುತ್ತಾ ಕೆಲಸದ ಹುಡುಗನನ್ನು ಕೇಳಿದರೆ ಫಿಲ್ಮ್ ಒಂದಕ್ಕೇ 30 ಸಾವಿರ ದಾಟುತ್ತದೆ ಸರ್ ಅಂದ. ಉಳಿದ ಹನ್ನೆರಡರಲ್ಲಿ ಇಬ್ಬರ ದುಡಿಮೆ, ಶೆಡ್ ಬಾಡಿಗೆ, ಕರೆಂಟು, ಬ್ಲೇಡು, ಟೇಪು, ಒರೆಸುವ ಸ್ಪಿರಿಟ್ಟು ಎಲ್ಲ ಬರಬೇಕು. ಬರುತ್ತಾ? ಬರಲ್ಲ. ಪಕ್ಕದೂರಿನ ರೇಟ್ ನೋಡಿ ಅದಕ್ಕಿಂತ ಕಡಿಮೆ ಹೇಳಿದ್ದಾರೆ ಅಷ್ಟೇ, ತಮ್ಮ ಖರ್ಚು ಕೂಡಿಸಿ ನೋಡಿಲ್ಲ. ಹೊಸ ಅಂಗಡಿ ಹಾಕುವವರು ಎಲ್ಲರೂ ಮೊದಲು ಬೀಳುವ ಗುಂಡಿ ಇದು, ನಮ್ಮ ಫ್ಲೆಕ್ಸ್ ಲೈನಿನಲ್ಲೂ ಚದರಡಿಗೆ ಒಂದು ರೂಪಾಯಿ ಇಳಿಸಿ ಇಳಿಸಿ ಮುಚ್ಚಿಕೊಂಡವರು ಕಮ್ಮಿ ಇಲ್ಲ.

ರೋಲಿನ ಲೆಕ್ಕ ಇನ್ನೊಂದು. ಈ ಫಿಲ್ಮ್ ಸಾಮಾನ್ಯವಾಗಿ 1.52 ಮೀಟರ್ ಅಗಲ, 25 ಗಜ ಅಂದರೆ 22.86 ಮೀಟರ್ ಉದ್ದದ ರೋಲಾಗಿ ಬರುತ್ತದೆ. ಸಣ್ಣ ಕಾರಿಗೆ 16-17 ಮೀಟರ್ ಸಾಕು. ಮಿಕ್ಕಿದ್ದು ಏನು ಮಾಡುತ್ತೀರಿ? ಅವರ ರ‍್ಯಾಕಿನಲ್ಲಿ ಹಳದಿ, ನೇರಳೆ, ಬಣ್ಣ ಬದಲಾಯಿಸುವ ಹಸಿರು-ನೀಲಿ, ಎಲ್ಲ ಅರ್ಧಂಬರ್ಧ ರೋಲುಗಳು ಕೂತಿವೆ. ಯಾರೋ ಒಬ್ಬ ನೇರಳೆ ಕೇಳಿದ ಅಂತ ಪೂರ್ತಿ ರೋಲ್ ತರಿಸಿದ್ದಾರೆ. ಮೈಸೂರಿನಲ್ಲಿ ಎರಡನೇ ನೇರಳೆ ಕಾರು ಯಾವಾಗ ಬರುತ್ತದೋ ಆ ಚಾಮುಂಡಿಗೇ ಗೊತ್ತು. ಓಡುವ ಬಣ್ಣ ಕರಿ, ಬೂದು, ಬಿಳಿ. ಅವನ್ನು ರೋಲಿನಲ್ಲಿ ಇಟ್ಟುಕೊಂಡು, ಶೋಕಿ ಬಣ್ಣಗಳನ್ನು ಡೀಲರ್ ಹತ್ತಿರ ಮೀಟರ್ ಲೆಕ್ಕದಲ್ಲಿ ತಂದರೆ ರೇಟ್ ಸ್ವಲ್ಪ ಜಾಸ್ತಿಯಾದರೂ ದುಡ್ಡು ರ‍್ಯಾಕಿನಲ್ಲಿ ಕೂರುವುದಿಲ್ಲ.

ಬಿಲ್ ಕೇಳಿದೆ. ಬಿಳಿ ಚೀಟಿ ಕೊಟ್ಟರು. 'ನಾವಿನ್ನೂ ಚಿಕ್ಕವರು ಸರ್, ಜಿಎಸ್‌ಟಿ ಎಲ್ಲ ಬೇಕಾಗಿಲ್ಲ' ಅಂತ ಕೌಂಟರ್ ಹುಡುಗ. ಅಲ್ಲೇ ಕೂತು ಲೆಕ್ಕ ಹಾಕಿ ತೋರಿಸಿದೆ. ಇದನ್ನು ಸರ್ವಿಸ್ ಅಂತ ಹಿಡಿದರೆ ಕರ್ನಾಟಕದಲ್ಲಿ ವರ್ಷದ ವಹಿವಾಟು 20 ಲಕ್ಷ ದಾಟಿದ ಮೇಲೆ ನೋಂದಣಿ ಬೇಕು. ತಿಂಗಳಿಗೆ ನಾಲ್ಕೇ ಕಾರು, ನನ್ನ ರೇಟಿನಲ್ಲೇ ಇಟ್ಟುಕೊಳ್ಳಿ: ವರ್ಷಕ್ಕೆ 20 ಲಕ್ಷದ 16 ಸಾವಿರ. ದಾಟಿತಲ್ಲ! ಲಾಭ ಎಷ್ಟು ಅಂತ ಯಾರೂ ಕೇಳಲ್ಲ, ವಹಿವಾಟು ನೋಡುತ್ತಾರೆ. ದುಬಾರಿ ಮಾಲು ಹಾಕುವ ಧಂದೆಯಲ್ಲಿ ಈ ಗೆರೆ ಬೇಗ ಬರುತ್ತದೆ. ಹುಡುಗ ಮೊಬೈಲ್ ತೆಗೆದು ಯಾರಿಗೋ ಫೋನ್ ಮಾಡಲು ಹೊರಗೆ ಹೋದ. ಒಳ್ಳೆಯದಾಯಿತು.

ಜಾಗ ಹಿಡಿದಿರುವುದೂ ಯಡವಟ್ಟು. ರಿಂಗ್ ರೋಡಿಗೆ ಮುಖ ಮಾಡಿ ಬೋರ್ಡ್ ಕಾಣಬೇಕು ಅಂತ ಜಾಸ್ತಿ ಬಾಡಿಗೆ ಕೊಟ್ಟು ಶೆಡ್ ತಗೊಂಡಿದ್ದಾರೆ. ಈ ಕೆಲಸಕ್ಕೆ ಗಿರಾಕಿ ರಸ್ತೆಯಲ್ಲಿ ಹೋಗುತ್ತಾ ಬೋರ್ಡ್ ನೋಡಿ ನುಗ್ಗಿ ಬರುವುದಿಲ್ಲ, ಫೋಟೋ ನೋಡಿ, ಕೇಳಿ ತಿಳಿದು ಬರುತ್ತಾನೆ. ಲಾರಿಗಳ ಧೂಳು ಮಾತ್ರ ನೇರ ಒಳಗೆ ಬರುತ್ತದೆ. ಸೆಖೆ ಅಂತ ಶಟರ್ ಅರ್ಧ ಎತ್ತಿಟ್ಟು ಫ್ಯಾನ್ ಬೇರೆ ಹಾಕಿಕೊಂಡಿದ್ದರು. ನನ್ನ ಬಾನೆಟ್ ಮೇಲೆ ಸಾಸಿವೆಯ ಹಾಗೆ ಧೂಳಿನ ಗುಳ್ಳೆ ಎದ್ದವು. ಗಾಳಿ ಗುಳ್ಳೆಯಾದರೆ ಒತ್ತಿದರೆ ಹೋಗುತ್ತದೆ, ಅಂಟಿನಲ್ಲೇ ಸಣ್ಣ ಚಾನೆಲ್ ಇರುತ್ತದೆ. ಧೂಳು ಎಲ್ಲಿ ಹೋಗಬೇಕು? ನಾನು ಬಾಯಿಬಿಡುವ ಮೊದಲೇ ಕೆಲಸದ ಹುಡುಗ ಸುಮ್ನೆ ಅದನ್ನು ಕಿತ್ತು ಬೇರೆ ಹಾಕಿದ. ಅವನ ಮರ್ಯಾದೆ ಅದು. ಆದರೆ ಒಂದೂವರೆ ಮೀಟರ್ ಫಿಲ್ಮ್ ಕಸದ ಬುಟ್ಟಿಗೆ, ಜೊತೆಗೆ ಅರ್ಧ ದಿನದ ಕೆಲಸ. ಹೀಗೆ ಮತ್ತೆ ಮಾಡುವ ಕೆಲಸ ಎಷ್ಟು ಒಳ್ಳೆ ಕೈಗೂ ಬರುತ್ತದೆ, ರೇಟ್ ಹೇಳುವಾಗಲೇ ಅದಕ್ಕೆ ಜಾಗ ಇಟ್ಟಿರಬೇಕು. ಒಳಗಡೆ ಕ್ರಾಸಿನಲ್ಲಿ, ಕಡಿಮೆ ಬಾಡಿಗೆಗೆ, ಪೂರ್ತಿ ಮುಚ್ಚಿದ ಜಾಗ ಹಿಡಿದಿದ್ದರೆ ಉಳಿದ ದುಡ್ಡಿನಲ್ಲಿ ಎಸಿಯನ್ನೇ ಹಾಕಿಸಬಹುದಿತ್ತು.

ಇನ್ನು ಜಾಬ್ ಕಾರ್ಡ್, ಅಂದರೆ ಕಾರು ತಗೊಳ್ಳುವಾಗ ಅದರ ಸ್ಥಿತಿ ಬರೆದುಕೊಳ್ಳುವ ಚೀಟಿ. ಇಲ್ಲವೇ ಇಲ್ಲ! ಕೀ ತಗೊಂಡರು, ಅಷ್ಟೇ. ಕಾರಿನ ಸುತ್ತ ಒಂದು ವಿಡಿಯೋ ಮಾಡಿಕೊಳ್ಳಲಿಲ್ಲ, ಎಲ್ಲಿ ಗೀರು, ಎಲ್ಲಿ ಡೆಂಟು ಅಂತ ಬರೆದುಕೊಳ್ಳಲಿಲ್ಲ. ನನ್ನ ಹಿಂದಿನ ಬಂಪರ್ ಹೊರಗಡೆ ಪೇಂಟ್ ಮಾಡಿಸಿದ್ದು, ಅದನ್ನೂ ನಾನಾಗಿಯೇ ಹೇಳಿದೆ. ಇದು ಕೇಳಲೇಬೇಕಾದ ಪ್ರಶ್ನೆ. ಕಂಪನಿ ಪೇಂಟ್ ಗಟ್ಟಿ ಕೂತಿರುತ್ತದೆ, ಗ್ಯಾರೇಜಿನ ಪೇಂಟ್ ಸರಿಯಾಗಿ ಹಿಡಿದಿರದಿದ್ದರೆ ಮುಂದೆ ಫಿಲ್ಮ್ ತೆಗೆಯುವಾಗ ಅದರ ಜೊತೆಗೇ ಎದ್ದು ಬರುತ್ತದೆ. ಹೊಸದಾಗಿ ಪೇಂಟ್ ಮಾಡಿಸಿದ್ದರೆ ಪೂರ್ತಿ ಒಣಗುವವರೆಗೆ ಫಿಲ್ಮ್ ಹಾಕಲೇಬಾರದು. ಗಿರಾಕಿಗೆ ಇದು ಮೊದಲೇ ತಿಳಿಸಿ ಒಂದು ಸಹಿ ಹಾಕಿಸಿಕೊಂಡರೆ ಮುಗಿಯಿತು. ನಾನು ಇದ್ದಾಗಲೇ ಒಬ್ಬರು ಬಂದು ಬಾಗಿಲ ಮೇಲಿನ ಗೀರು ಇಲ್ಲೇ ಆದದ್ದು ಅಂತ ಕೂಗಾಡುತ್ತಿದ್ದರು. ಹುಡುಗರು ಅಲ್ಲ ಅಂತಾರೆ, ಅವರು ಹೌದು ಅಂತಾರೆ, ಯಾರ ಹತ್ತಿರವೂ ಫೋಟೋ ಇಲ್ಲ. ಕೊನೆಗೆ ಕೂಲಿ ಬಿಟ್ಟು ಕಳಿಸಿದರು. ಎರಡು ನಿಮಿಷದ ವಿಡಿಯೋ ಇದ್ದಿದ್ದರೆ ಸಾಕಿತ್ತು, ಅಲ್ವಾ?

ಕಾನೂನಿನ ವಿಷಯದಲ್ಲಿ ಇಬ್ಬರೂ ಎರಡು ದಿಕ್ಕು. ಥಾರ್ ತಂದ ಒಬ್ಬ ಹುಡುಗ ಮಿಲಿಟರಿ ಹಸಿರು ಬೇಕು ಅಂದ. ಕೌಂಟರಿನವನು ಆಗಲೇ ಅಡ್ವಾನ್ಸ್ ಕೇಳುತ್ತಿದ್ದ, ಒಳಗಿನವನು ಓಡಿ ಬಂದು ಬೇಡ ಅಂದ. ಅವನು ಹೇಳಿದ್ದು ಸರಿ: ಸೇನೆಯದಲ್ಲದ ವಾಹನಕ್ಕೆ ಆಲಿವ್ ಗ್ರೀನ್ ಬಣ್ಣ ಹೊಡೆಯುವ ಹಾಗಿಲ್ಲ, 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 121ನೇ ನಿಯಮ ಅದು. ಫಿಲ್ಮ್ ಅಂದರೆ ಪೇಂಟ್ ಅಲ್ಲ ಅಂತ ಪೊಲೀಸರ ಹತ್ತಿರ ವಾದ ಮಾಡುತ್ತಾ ನಿಲ್ಲಲು ಯಾರಿಗೂ ಪುರುಸೊತ್ತಿಲ್ಲ. ಆದರೆ ನನಗೆ ಆರ್‌ಸಿ ಬಗ್ಗೆ ಯಾರೂ ಹೇಳಲಿಲ್ಲ. ಆರ್‌ಸಿಯಲ್ಲಿ ಕಾರಿನ ಬಣ್ಣ ನಮೂದಾಗಿರುತ್ತದೆ. ಬಿಳಿ ಹೋಗಿ ಗ್ರೇ ಆದರೆ ಆರ್‌ಟಿಒದಲ್ಲಿ ಬದಲಾವಣೆ ಬರೆಸಬೇಕು, ಇನ್ಶೂರೆನ್ಸ್‌ನವರಿಗೂ ತಿಳಿಸಬೇಕು. ಕೇಳಿದರೆ ಕೌಂಟರಿನವನು 'ಯಾರೂ ಹಿಡಿಯಲ್ಲ ಸರ್' ಅಂತಾನೆ. ಹಿಡಿದರೆ ಗಿರಾಕಿ ಬೈಯುವುದು ಯಾರನ್ನು? ಗಾಜಿಗೆ ಕಪ್ಪು ಫಿಲ್ಮ್ ಕೂಡ ಹಾಕಿಕೊಡುತ್ತಾನಂತೆ. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಶೇ. 70, ಪಕ್ಕದ್ದರಲ್ಲಿ ಶೇ. 50 ಬೆಳಕು ದಾಟಬೇಕು ಅನ್ನುವ ನಿಯಮ ಇದೆ, 2012ರಲ್ಲಿ ಸುಪ್ರೀಂ ಕೋರ್ಟ್ ಕಪ್ಪು ಫಿಲ್ಮ್ ವಿಷಯದಲ್ಲಿ ಕೊಟ್ಟ ಆದೇಶ ಊರಿಗೆಲ್ಲ ಗೊತ್ತು. ಆಗಲ್ಲ ಅನ್ನಲು ಬಾಯಿ ಬರಬೇಕು.

ಈಗ ಜಾಹೀರಾತಿನ ಪ್ರಿಂಟ್ ಅಂಟಿಸಲು ಬೇಕರಿ ವ್ಯಾನ್ ಒಂದನ್ನೂ ಒಪ್ಪಿಕೊಂಡಿದ್ದಾರೆ. ಇದು ನನ್ನ ಲೈನು, ಹಾಗಾಗಿ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಪ್ರಿಂಟ್ ಹೊರಗಡೆ ಮಾಡಿಸಿ, ಬೆಳಗ್ಗೆ ತಂದು, ಮಧ್ಯಾಹ್ನವೇ ಲ್ಯಾಮಿನೇಟ್ ಮಾಡಿಸುತ್ತಿದ್ದರು. ಸಾಲ್ವೆಂಟ್ (ಗಾಳಿಗೆ ಆರಿಹೋಗುವ ದ್ರಾವಕ) ಇರುವ ಇಂಕಿನ ಪ್ರಿಂಟ್ ಕಡಿಮೆ ಅಂದರೂ ಒಂದು ದಿನ ಗಾಳಿಗೆ ಬಿಡಬೇಕು. ಒಳಗಿನ ಸಾಲ್ವೆಂಟ್ ಹೋಗದೇ ಮೇಲೆ ಲ್ಯಾಮಿನೇಷನ್ ಕೂರಿಸಿದರೆ ಅಂಟು ಮೆತ್ತಗಾಗಿ ಅಂಚೆಲ್ಲ ಸುರುಳಿ ಸುತ್ತುತ್ತದೆ. ಕೆಳಗೆ ಕಾಸ್ಟ್ ಫಿಲ್ಮ್ ಹಾಕಿ ಮೇಲೆ ಅಗ್ಗದ ಲ್ಯಾಮಿನೇಷನ್ ಹಾಕಿದರೂ ಅದೇ ಕಥೆ, ಎರಡೂ ಬೇರೆ ಬೇರೆ ಅಳತೆಗೆ ಕುಗ್ಗುತ್ತವೆ. ಡಿಸೈನಿಗೆ ಗಿರಾಕಿಯ ಒಪ್ಪಿಗೆ ವಾಟ್ಸಾಪಿನಲ್ಲಿ ಒಂದು ಥಂಬ್ಸಪ್ ಅಷ್ಟೇ. ಫೋನ್ ನಂಬರಿನಲ್ಲಿ ಒಂದು ಅಂಕಿ ತಪ್ಪಿದರೆ ಪೂರ್ತಿ ವ್ಯಾನ್ ಇವರ ತಲೆಗೆ. ಪ್ರಿಂಟ್ ರ‍್ಯಾಪ್ ಮತ್ತು ಬಣ್ಣ ಬದಲಾಯಿಸುವ ರ‍್ಯಾಪ್ ಎರಡೂ ಬೇರೆ ವ್ಯಾಪಾರ. ಒಂದು ಸರಿಯಾಗಿ ನಿಂತ ಮೇಲೆ ಇನ್ನೊಂದಕ್ಕೆ ಕೈ ಹಾಕಬಹುದಿತ್ತು. ಸಾಲದ್ದಕ್ಕೆ ಸೀಟ್ ಕವರ್, ಮ್ಯಾಟ್, ಸೆಂಟ್ ಬಾಟಲಿ ಬೇರೆ ಜೋಡಿಸಿದ್ದಾರೆ.

ಗ್ಯಾರಂಟಿ ಐದು ವರ್ಷ ಅಂತ ಬಾಯಲ್ಲಿ ಹೇಳುತ್ತಾರೆ. ಬಾಗಿಲಿಗಾದರೆ ಪರವಾಗಿಲ್ಲ. ಬಾನೆಟ್ ಮತ್ತು ರೂಫ್ ಮೇಲೆ ಬಿಸಿಲು ನೇರ ಬೀಳುತ್ತದೆ, ಫಿಲ್ಮ್ ಕಂಪನಿಗಳೇ ಅಲ್ಲಿಗೆ ಕಡಿಮೆ ಅವಧಿ ಕೊಡುತ್ತವೆ. ಕಂಪನಿ ಕೊಡದ ಗ್ಯಾರಂಟಿಯನ್ನು ಇವರು ಯಾವ ಧೈರ್ಯದ ಮೇಲೆ ಕೊಡುತ್ತಾರೋ. ಫಿಲ್ಮ್ ಯಾವ ಕಂಪನಿ, ಯಾವ ಸೀರೀಸ್, ಏನೇನಕ್ಕೆ ಗ್ಯಾರಂಟಿ ಇಲ್ಲ ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ, ನಾನು ಹಾಗೇ ಮಾಡಿದೆ.

ಕಾರು ಹೇಳಿದ ದಿನಕ್ಕೆ ಸಿಗಲಿಲ್ಲ. ಬಾಗಿಲಿನ ಕ್ಲಿಪ್ ಮುರಿದಿತ್ತು, ಅಂಗಡಿಯಲ್ಲಿ ಬೇರೆ ಇರಲಿಲ್ಲ, ಹತ್ತಿಪ್ಪತ್ತು ರೂಪಾಯಿಯ ಪ್ಲಾಸ್ಟಿಕ್ಕಿಗೆ ಕಾರು ಶೆಡ್ಡಿನಲ್ಲೇ ನಿಂತಿತು, ಅದರ ಹಿಂದೆ ಬರಬೇಕಾದ ಕಾರು ಹೊರಗೆ ಬಿಸಿಲಲ್ಲಿ ನಿಂತಿತು. ಒಂದೇ ಕಾರಿನ ಜಾಗ ಇರುವ ಶೆಡ್ಡಿಗೆ ಇದು ನೇರ ನಷ್ಟ.

ಬಂದ ಮೇಲೆ ಕಾರು ಚೆನ್ನಾಗಿದೆ. ಅಂಚು ಎಲ್ಲೂ ಎದ್ದಿಲ್ಲ, ಬಾಗಿಲು ತೆಗೆದರೆ ಮಾತ್ರ ಹಳೇ ಬಿಳಿ ಕಾಣುತ್ತದೆ. ಒಟ್ಟಿಗೆ ಮೂರೂವರೆ ಸ್ಟಾರ್. ಹೋಗುವುದಾದರೆ ಬಂಪರ್ ಪೇಂಟ್ ಕಥೆ ನೀವೇ ಹೇಳಿ, ಕೀ ಕೊಡುವ ಮೊದಲು ಕಾರಿನ ಸುತ್ತ ನೀವೇ ವಿಡಿಯೋ ಮಾಡಿಕೊಳ್ಳಿ. ರೇಟ್ ಮತ್ತು ದಿನ ಎರಡನ್ನೂ ಒಳಗೆ ಕೆಲಸ ಮಾಡುವವನ ಹತ್ತಿರವೇ ಮಾತಾಡಿ, ಕೌಂಟರಿನವನು ಹೇಳಿದ ತಾರೀಖಿಗೆ ಒಂದು ವಾರ ಸೇರಿಸಿಕೊಳ್ಳಿ. ರೇಟ್ 42ಕ್ಕಿಂತ ಜಾಸ್ತಿ ಹೇಳಿದರೆ ಚೌಕಾಸಿ ಮಾಡಬೇಡಿ, ಲೆಕ್ಕ ಹಾಕಿಯೇ ಹೇಳಿರುತ್ತಾರೆ.